ಸಾಲಿನಲ್ಲಿ ನಿಂತ ಮಕ್ಕಳು

ಮೈದಾನದಿಂದ ಹೊರಟ ಮೇಲೆ ಅರ್ಧ ದಾರಿಯವರೆಗೂ ಮಗ ತುಟಿ ಬಿಚ್ಚಲಿಲ್ಲ. ಕೊನೆಗೆ ಕೇಳಿದ: "ಉಮ್ಮಾ, ನನ್ನ ಆಟದಲ್ಲಿ ಏನು ತಪ್ಪಿದೆ ಅಂತ ಅವರು ಹೇಳಲೇ ಇಲ್ಲವಲ್ಲ?"

ಅಂದು ಕೌಂಟಿಯ 14 ವರ್ಷದೊಳಗಿನ ಹರ್ಲಿಂಗ್ ತಂಡದ ಆಯ್ಕೆ ಮುಗಿದಿತ್ತು. ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ.

ನರ್ಸ್ ಕೆಲಸಕ್ಕೆಂದು ಐರ್ಲೆಂಡಿಗೆ ಬಂದ ಹೊಸದರಲ್ಲಿ ಈ ಆಟ ನನಗೆ ನಮ್ಮ ಹಾಕಿಯಂತೆ ಕಂಡಿತ್ತು. ಹತ್ತಿರದಿಂದ ನೋಡಿದ ಮೇಲೆ ಬೇರೆಯೇ ಎಂದು ತಿಳಿಯಿತು. ತಂಡಕ್ಕೆ 15 ಮಂದಿ. ಕೈಯಲ್ಲಿ ಆಶ್ ಮರದ ಅಗಲ ತುದಿಯ ಕೋಲು. ಚೆಂಡನ್ನು ಗಾಳಿಯಲ್ಲೇ ಹಿಡಿದು ಗಾಳಿಯಲ್ಲೇ ಹೊಡೆಯುತ್ತಾರೆ. ಮಕ್ಕಳು ಮೊದಲು ಊರಿನ ಕ್ಲಬ್ಬಿಗೆ ಆಡುತ್ತಾರೆ. ಚೆನ್ನಾಗಿ ಆಡುವವರನ್ನು ಕೌಂಟಿಗೆ ಆರಿಸುತ್ತಾರೆ. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಅಲ್ಲಿ ಎಷ್ಟು ದೊಡ್ಡ ಆಟಗಾರನಾದರೂ ಆಡುವುದಕ್ಕೆ ಸಂಬಳವಿಲ್ಲ. ಭಾನುವಾರ ಸಾವಿರಾರು ಜನರ ಮುಂದೆ ಆಡಿದವನು ಸೋಮವಾರ ಶಾಲೆಯಲ್ಲಿ ಪಾಠ ಮಾಡುತ್ತಿರುತ್ತಾನೆ.

ಮಗನ ಬಣ್ಣ ನೋಡಿ ಬಿಟ್ಟರು ಎಂದು ನಾನು ಹೇಳುವುದಿಲ್ಲ. ಅವನೊಂದಿಗೆ ಹೊರಬಿದ್ದವರಲ್ಲಿ ಹೆಚ್ಚಿನವರು ಅಲ್ಲಿನ ಮಕ್ಕಳೇ. ಈ ಆಟದ ಜನ ನಮಗೆ ಬಾಗಿಲು ಮುಚ್ಚಿದವರೂ ಅಲ್ಲ. ಕೊರೋನಾದಿಂದಾಗಿ ಒಟ್ಟು ಸೇರಲು ಕಷ್ಟವಾಗಿದ್ದ 2020ರ ಜುಲೈ 31ರಂದು ಬಕ್ರೀದ್ ನಮಾಝಿಗೆ ಡಬ್ಲಿನ್‌ನ ಕ್ರೋಕ್ ಪಾರ್ಕನ್ನೇ ಬಿಟ್ಟುಕೊಟ್ಟಿದ್ದರು. ಹರ್ಲಿಂಗ್ ಫೈನಲ್ ನಡೆಯುವ, 82,000ಕ್ಕೂ ಹೆಚ್ಚು ಜನ ಹಿಡಿಸುವ ಆ ಮೈದಾನದಲ್ಲಿ ಸುಮಾರು 200 ಮಂದಿ ಅಂತರ ಬಿಟ್ಟು ನಿಂತು ನಮಾಝ್ ಮಾಡಿದರು. ನನ್ನ ಬೇಸರ ಬೇರೆಯದು. ಕೌಂಟಿಯ ಹೆಸರು ಬೇಡ. ಅನ್ನ ಕೊಟ್ಟ ಊರು ಅದು.

ಆಯ್ಕೆಗೆ ಮುಂಚೆ ಎರಡು ತಿಂಗಳು ನಾನೇ ಅವನನ್ನು ತರಬೇತಿಗೆ ಕರೆದೊಯ್ದಿದ್ದೆ. ಮಳೆಯಲ್ಲಿ ಕಾರಿನೊಳಗೆ ಕುಳಿತು ನೋಡುವುದೇ ಕೆಲಸ. ಮಕ್ಕಳು ಸಾಲಿನಲ್ಲಿ ನಿಲ್ಲುತ್ತಾರೆ, ಸರದಿ ಬಂದಾಗ ಒಮ್ಮೆ ಹೊಡೆಯುತ್ತಾರೆ, ಮತ್ತೆ ಸಾಲಿನ ಹಿಂದೆ ಹೋಗುತ್ತಾರೆ. ಒಂದು ದಿನ ಎಣಿಸಿದೆ. ಒಂದು ಗಂಟೆಯಲ್ಲಿ ನನ್ನ ಮಗ ಚೆಂಡು ಹೊಡೆದದ್ದು 19 ಬಾರಿ. ಉಳಿದದ್ದು ಮೈದಾನಕ್ಕೆ ಸುತ್ತು ಹಾಕುವುದು, ಬೈಗುಳ ಕೇಳುವುದು. ಹರ್ಲಿಂಗ್ ಆಟಗಾರನಿಗೆ ಎಡಬಲ ಎರಡೂ ಕಡೆಯಿಂದ ಹೊಡೆತ ಬರಬೇಕು. ಇವನಿಗೆ ಬಲಗಡೆ ಮಾತ್ರ. ಎರಡು ತಿಂಗಳಲ್ಲಿ ಒಬ್ಬರೂ ಅದನ್ನು ತಿದ್ದಲಿಲ್ಲ.

ಮೇಲಾಗಿ ಅವನು ನವೆಂಬರಿನಲ್ಲಿ ಹುಟ್ಟಿದವನು. ವಯಸ್ಸಿನ ಲೆಕ್ಕ ಶುರುವಾಗುವುದು ಜನವರಿ 1ರಿಂದ. ಹತ್ತು ತಿಂಗಳು ದೊಡ್ಡವರಾದ, ಆಗಲೇ ಮೀಸೆ ಚಿಗುರಿದ ಹುಡುಗರೂ ಅವನ ವಯಸ್ಸಿನವರೆಂದೇ ಲೆಕ್ಕ. ಈ ವರ್ಷದ ಪಂದ್ಯ ಗೆಲ್ಲಬೇಕೆಂದರೆ ಗಟ್ಟಿಮೈಯವನನ್ನು ಆರಿಸುವುದು ಸುಲಭ. ಆದರೆ ಆರಿಸುವುದು ಬೇರೆ, ಬೆಳೆಸುವುದು ಬೇರೆ.

ಎಳೆಯರ ಕಪ್ಪು ಗೆದ್ದ ಮಾತ್ರಕ್ಕೆ ದೊಡ್ಡವರ ಕಪ್ಪು ಬರುವುದಿಲ್ಲ. ವಾಟರ್‌ಫರ್ಡ್ ಕೌಂಟಿಯನ್ನೇ ನೋಡಿ. 2013ರಲ್ಲಿ 18ರೊಳಗಿನವರ ಅಖಿಲ ಐರ್ಲೆಂಡ್ ಪ್ರಶಸ್ತಿ, 2016ರಲ್ಲಿ 21ರೊಳಗಿನವರದ್ದು. ಆದರೆ ಹಿರಿಯರ ಪ್ರಶಸ್ತಿ ಅವರಿಗೆ ಬಂದದ್ದು 1948 ಮತ್ತು 1959ರಲ್ಲಿ ಮಾತ್ರ. 2017 ಮತ್ತು 2020ರ ಫೈನಲ್‌ಗಳಲ್ಲಿ ಸೋತರು. ಲಿಮರಿಕ್ ಕೂಡ 2000ದಿಂದ 2002ರವರೆಗೆ ಸತತ ಮೂರು ವರ್ಷ 21ರೊಳಗಿನವರ ಪ್ರಶಸ್ತಿ ಗೆದ್ದಿತ್ತು. ಆ ಪೀಳಿಗೆಯಿಂದ ಹಿರಿಯರ ಕಪ್ಪು ಬರಲಿಲ್ಲ. ಆಮೇಲೆ ಅವರು ಎಳೆಯರ ಅಕಾಡೆಮಿಯನ್ನು ಗಟ್ಟಿಗೊಳಿಸಿದರು. ತರಬೇತುದಾರ ಪಾಲ್ ಕಿನರ್ಕ್ ಆಟ ಆಡಿಸುತ್ತಲೇ ಆಟ ಕಲಿಸುವ ಕ್ರಮ ತಂದರು. ಉದ್ಯಮಿಯೊಬ್ಬರ ಹಣದ ನೆರವೂ ಇತ್ತು, ಅದನ್ನು ಮರೆಯಬಾರದು. 1973ರ ನಂತರ ಮೊದಲ ಬಾರಿಗೆ 2018ರಲ್ಲಿ ಗೆದ್ದರು. ಮತ್ತೆ 2020ರಿಂದ 2023ರವರೆಗೆ ಸತತ ನಾಲ್ಕು ವರ್ಷ. ಹಣವೊಂದೇ ಇದನ್ನು ಮಾಡಿತೆಂದು ನನಗೆ ಅನಿಸುವುದಿಲ್ಲ. ತಾಳ್ಮೆಯೂ ಬೇಕಾಗಿತ್ತು.

ಊರಿನ ಮದ್ರಸದ ನಮ್ಮ ಉಸ್ತಾದರು ನೆನಪಾಗುತ್ತಾರೆ. ಓದಲು ಬಾರದ ಮಗುವನ್ನು ಮುಂದಿನ ಸಾಲಿನಲ್ಲಿ, ತಮ್ಮ ಪಕ್ಕದಲ್ಲೇ ಕೂರಿಸುತ್ತಿದ್ದರು. ನಾಲಿಗೆ ತಿರುಗುವವರೆಗೆ ಒಂದೇ ಅಕ್ಷರವನ್ನು ಹತ್ತು ಸಲ ಹೇಳಿಸುತ್ತಿದ್ದರು. ಚುರುಕಾದವರು ಹೇಗೂ ಕಲಿಯುತ್ತಾರೆ ಎನ್ನುತ್ತಿದ್ದರು.

ಕೌಂಟಿಯ ತರಬೇತುದಾರರನ್ನು ನಾನು ದ್ವೇಷಿಸುವುದಿಲ್ಲ. ಅವರೂ ದಿನವಿಡೀ ದುಡಿದು ಸಂಜೆ ಪುಕ್ಕಟೆಯಾಗಿ ಬರುವವರು. ಕಲಿಸುವುದು ಹೇಗೆಂದು ಅವರಿಗೂ ಯಾರಾದರೂ ಕಲಿಸಬೇಕಿತ್ತು. ಸೋತಾಗ ಮ್ಯಾನೇಜರನ್ನು ಬದಲಿಸುವ ಜನ ಆ ಕೆಲಸಕ್ಕೆ ಕೈ ಹಾಕುವುದಿಲ್ಲ. ಗ್ಯಾಲರಿಯಲ್ಲಿ ಕುಳಿತವರು ಆಟಗಾರರನ್ನು ಬಯ್ದು ಮನೆಗೆ ಹೋಗುತ್ತಾರೆ.

ಮಗನ ಪ್ರಶ್ನೆಗೆ ಉತ್ತರ ಕೊಟ್ಟವರು ನೆರೆಮನೆಯ ಅಜ್ಜ. ಅವರೆಂದೂ ಕೌಂಟಿಯ ಜೆರ್ಸಿ ತೊಟ್ಟವರಲ್ಲ. ಐದು ನಿಮಿಷ ನೋಡಿ, "ನಿನ್ನ ಎಡಗಡೆ ನಿದ್ದೆ ಮಾಡುತ್ತಿದೆ ಮಗಾ" ಎಂದರು. ತಮ್ಮ ಮನೆಯ ಗೋಡೆ ತೋರಿಸಿ, ದಿನಕ್ಕೆ ನೂರು ಹೊಡೆತ, ಎಡಗಡೆಯಿಂದ ಮಾತ್ರ ಎಂದರು.

ಈಗ ಸಂಜೆ ಕೆಲಸ ಮುಗಿಸಿ ಬರುವಾಗ ಗೋಡೆಗೆ ಚೆಂಡು ಬಡಿಯುವ ಸದ್ದು ಕೇಳುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದ ಇನ್ನಿಬ್ಬರು ಹುಡುಗರೂ ಬರುತ್ತಾರೆ. ಅಲ್ಲಿ ಸಾಲು ಇಲ್ಲ. ಮುಂದಿನ ವರ್ಷ ಅವನ ಹೆಸರು ಪಟ್ಟಿಗೆ ಬರುತ್ತದೋ ಇಲ್ಲವೋ, ಅಲ್ಲಾಹನೇ ಬಲ್ಲ. ಬರದಿದ್ದರೆ ಈ ಸಲ ಕಾರಣ ಹೇಳಿ ಎಂದು ಕೇಳಲು ನಾನೂ ಅವನೊಂದಿಗೆ ಹೋಗುತ್ತೇನೆ.