ಸುತ್ತಿದರೆ ಆರದ ಬಿಸಿ

ಅಪ್ಪನ ಹಳೆಯ ಯೆಜ್ಡಿಯ ಸೈಲೆನ್ಸರ್ ಪೈಪಿಗೆ ಹೀಟ್ ರ‍್ಯಾಪ್ ಸುತ್ತಿಸೋಣವೆಂದು ತಮ್ಮನ ಹಟ. ಗಾಜಿನ ನಾರಿನಿಂದ ನೇಯ್ದ ಆ ಪಟ್ಟಿ ಬಿಸಿಯನ್ನು ಪೈಪಿನೊಳಗೇ ತಡೆಯುತ್ತದೆ. ಕಾಲಿಗೆ ಬಡಿಯುವ ಝಳ ತಗ್ಗುತ್ತದೆ. ಅವನ ಮಾತು ತಳ್ಳಿಹಾಕುವಂಥದ್ದಲ್ಲ. ಯೆಜ್ಡಿಗೆ ಸಿಲಿಂಡರ್ ಒಂದೇ ಆದರೂ ಪೈಪು ಎರಡು, ಎಡಕ್ಕೊಂದು ಬಲಕ್ಕೊಂದು. ಹಿಂದೆ ಎಡಕ್ಕೆ ಕಾಲು ಇಳಿಬಿಟ್ಟು ಕೂರುವ ಅಮ್ಮನ ಮೀನಖಂಡದಲ್ಲಿ ಸುಟ್ಟ ಕಲೆ ಇನ್ನೂ ಇದೆ.

ಆದರೆ ಪಟ್ಟಿ ಬಿಸಿಯನ್ನು ಕಳೆಯುವುದಿಲ್ಲ, ಮುಚ್ಚಿಡುತ್ತದೆ. ಮಳೆಗೆ ನೆನೆದರೆ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಉಕ್ಕಿನ ಪೈಪು ಕಣ್ಣಿಗೆ ಕಾಣದಂತೆ ತುಕ್ಕು ತಿನ್ನುತ್ತದೆ. ಟೂ-ಸ್ಟ್ರೋಕ್ ಎಂಜಿನ್ನಿಗೆ ಪೈಪಿನೊಳಗಿನ ಒತ್ತಡದ ಅಲೆಗಳೂ ಉಸಿರಾಟದ ಭಾಗ. ಒಳಗಿನ ಅನಿಲ ಹೆಚ್ಚು ಕಾದಷ್ಟೂ ಅವುಗಳ ವೇಗ, ಲೆಕ್ಕ ಎರಡೂ ಬದಲಾಗುತ್ತವೆ. ಮೈಸೂರಿನ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿಂದ ಬಂದ ಪೈಪು ತೂತಾದರೆ ಅಂಥದ್ದೇ ಇನ್ನೊಂದು ಹುಡುಕುವುದು ಸುಲಭವಲ್ಲ.

ಹಾಗೆಂದು ಪೈಪು ಉಳಿಸಲು ಅಮ್ಮನ ಕಾಲು ಸುಡಬೇಕೇ? ಪೈಪಿನಿಂದ ಬೆರಳಗಲ ಬಿಟ್ಟು ತಗಡಿನ ಗಾರ್ಡ್ ಕೂರಿಸೋಣ ಎಂದೆ. ನಡುವೆ ಗಾಳಿಯಾಡುತ್ತದೆ, ತುಕ್ಕು ಬಂದರೆ ಕಾಣುತ್ತದೆ. ತಮ್ಮನಿಗೆ ಅದು ಚೆಂದವಲ್ಲ. ಅಮ್ಮ ಕೇಳಿದ್ದು ಒಂದೇ: "ಅದರ ಅಂಚಿಗೆ ಸೀರೆ ಸಿಕ್ಕೊಳ್ಳಲ್ಲ ತಾನೇ?"

ಅಂಚನ್ನು ಒಳಕ್ಕೆ ಮಡಿಸಲು ಹೇಳಬೇಕು.