ಅರಿವೆ ಕರಗಿಸುವ ವಿದ್ಯೆ

ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ವಿಜ್ಞಾನ ಏನೇನು ತರಲಿದೆ ಎಂದು ಪ್ರೌಢಶಾಲೆಯ ಮಕ್ಕಳನ್ನು ಕೇಳಿದರೆ ಉತ್ತರಗಳು ಸಾಲುಗಟ್ಟಿ ಬರುತ್ತವೆ. ಚಂದ್ರನ ಮೇಲೆ ಮನೆ, ಚಾಲಕನಿಲ್ಲದ ಕಾರು, ಮನುಷ್ಯನಂತೆ ಮಾತನಾಡುವ ಯಂತ್ರ, ಕ್ಯಾನ್ಸರಿಗೆ ಲಸಿಕೆ. ಟೀವಿ, ಮೊಬೈಲುಗಳು ಕಲಿಸಿಕೊಟ್ಟ ಪಟ್ಟಿ ಇದು. ತಪ್ಪೇನಿಲ್ಲ. ಆದರೆ ಇವೆಲ್ಲ ಎಲ್ಲೋ ದೂರದಲ್ಲಿ ಬೇರೆ ಯಾರೋ ಮಾಡುವ ಕೆಲಸ ಎಂಬ ಭಾವನೆ ಆ ಪಟ್ಟಿಯ ಹಿಂದೆ ಅಡಗಿರುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದ ಮಕ್ಕಳಿಗಾದರೂ ಹಾಗೆ ಅನ್ನಿಸಬೇಕಾಗಿಲ್ಲ. ಬರಲಿರುವ ಬದಲಾವಣೆಗಳಲ್ಲಿ ಒಂದು ಅವರ ಊರಿನ ಹೊಳೆಯ ದಂಡೆಗೇ ಬರಲಿದೆ. ಅದಕ್ಕೆ ರೆಕ್ಕೆಯಿಲ್ಲ, ಚಕ್ರವಿಲ್ಲ. ಅದೊಂದು ದ್ರಾವಣ.

ಕುಮಾರಪಟ್ಟಣ ತುಂಗಭದ್ರೆಯ ಒಂದು ದಂಡೆಯಲ್ಲಿದೆ, ಹರಿಹರ ಇನ್ನೊಂದು ದಂಡೆಯಲ್ಲಿ. ನಡುವೆ ಹೊಳೆ. 1997ರಲ್ಲಿ ಹೊಸ ಜಿಲ್ಲೆಗಳಾದಾಗ ಈ ಕಡೆ ಹಾವೇರಿಗೂ ಆ ಕಡೆ ದಾವಣಗೆರೆಗೂ ಸೇರಿತು. ಕಾರ್ಖಾನೆ ಇರುವುದು ಕುಮಾರಪಟ್ಟಣದಲ್ಲಿ, ಹೆಸರು ಮಾತ್ರ ಆಚೆ ದಂಡೆಯದು: ಹರಿಹರ ಪಾಲಿಫೈಬರ್ಸ್. 1970ರ ದಶಕದಿಂದ ಇಲ್ಲಿ ಮರದ ತಿರುಳು ತಯಾರಾಗುತ್ತಿದೆ, ಆ ತಿರುಳಿನಿಂದ ವಿಸ್ಕೋಸ್ ಎಂಬ ಎಳೆಯೂ ತಯಾರಾಗುತ್ತಿದೆ. ಜನ ಅದನ್ನು ರೇಯಾನ್ ಎನ್ನುತ್ತಾರೆ. ಹಿಂದಿನವರ ಬಾಯಲ್ಲಿ ಅದು ಕೃತಕ ರೇಷ್ಮೆ.

ಮರದಿಂದ ಅರಿವೆ ಮಾಡುವುದು ಹೇಗೆ? ಇದು ತಿಳಿಯಬೇಕಾದರೆ ಸಕ್ಕರೆ ಡಬ್ಬಿಯಿಂದ ಆರಂಭಿಸುವುದು ಒಳ್ಳೆಯದು. ಒಂದು ಚಮಚ ಗ್ಲೂಕೋಸ್ ಪುಡಿಯನ್ನು ನೀರಿಗೆ ಹಾಕಿದರೆ ಕ್ಷಣದಲ್ಲಿ ಕರಗುತ್ತದೆ. ಹತ್ತಿಯ ಎಳೆಯೂ ಗ್ಲೂಕೋಸಿನಿಂದಲೇ ಆದದ್ದು. ಸಾವಿರಾರು ಗ್ಲೂಕೋಸ್ ಅಣುಗಳು ಒಂದಕ್ಕೊಂದು ಕೈಹಿಡಿದು ಸರಪಳಿಯಾದರೆ ಅದೇ ಸೆಲ್ಯುಲೋಸ್. ಹತ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಅದೇ ಇದೆ, ಕಟ್ಟಿಗೆಯಲ್ಲಿ ಹೆಚ್ಚುಕಡಿಮೆ ಅರ್ಧ. ಆದರೂ ಮಳೆಯಲ್ಲಿ ನೆನೆದ ಅಂಗಿ ಸಕ್ಕರೆಯಂತೆ ಕರಗಿ ಹೋಗುವುದಿಲ್ಲ. ಈ ಸರಪಳಿಗಳು ಒತ್ತೊತ್ತಾಗಿ ಮಲಗಿ, ಹೈಡ್ರೋಜನ್ ಬಂಧಗಳೆಂಬ ಸಣ್ಣ ಸಣ್ಣ ಕೊಂಡಿಗಳಿಂದ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿವೆ. ನೀರಿಗೆ ಒಳಗೆ ನುಗ್ಗಿ ಅವನ್ನು ಬಿಡಿಸುವ ಶಕ್ತಿಯಿಲ್ಲ. ಕಾಯಿಸಿದರೂ ಸೆಲ್ಯುಲೋಸ್ ಮೇಣದಂತೆ ಕರಗುವುದಿಲ್ಲ, ಕರಿಯಾಗಿ ಸುಟ್ಟುಹೋಗುತ್ತದೆ.

ಕರಗದ ವಸ್ತುವನ್ನು ಎಳೆ ಮಾಡುವುದು ಅಸಾಧ್ಯ. ಶಾವಿಗೆ ಒತ್ತುವ ಒರಳನ್ನು ನೆನಪಿಸಿಕೊಂಡರೆ ಸಾಕು. ಹಿಟ್ಟು ಹದವಾಗಿ ಕಲಸಿರಬೇಕು, ಆಗ ತಾನೇ ತೂತುಗಳಿಂದ ಎಳೆ ಇಳಿಯುವುದು? ಸೆಲ್ಯುಲೋಸನ್ನು ಹಾಗೆ ಹದ ಮಾಡುವ ದಾರಿಯನ್ನು 1892ರಲ್ಲಿ ಇಂಗ್ಲೆಂಡಿನ ಕ್ರಾಸ್, ಬೆವನ್, ಬೀಡಲ್ ಎಂಬ ಮೂವರು ರಸಾಯನ ವಿಜ್ಞಾನಿಗಳು ಕಂಡುಹಿಡಿದರು. ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಹಿಂಡಿ, ಚೂರು ಮಾಡಿ, ಅದರ ಜೊತೆ ಕಾರ್ಬನ್ ಡೈಸಲ್ಫೈಡ್ ಎಂಬ ದ್ರವವನ್ನು ಬೆರೆಸಿದರೆ ಕಿತ್ತಳೆ ಬಣ್ಣದ ಒಂದು ಹೊಸ ಸಂಯುಕ್ತವಾಗುತ್ತದೆ. ಅದನ್ನು ಮತ್ತೆ ತೆಳು ಕಾಸ್ಟಿಕ್ ಸೋಡಾದಲ್ಲಿ ಕರಗಿಸಿದರೆ ಜೇನುತುಪ್ಪದಂಥ ಅಂಟುದ್ರವ. ಅದನ್ನು ಕೂದಲಿಗಿಂತ ಸಣ್ಣ ತೂತುಗಳ ಮೂಲಕ ಗಂಧಕಾಮ್ಲದ ತೊಟ್ಟಿಗೆ ಒತ್ತಿದಾಗ ಸೆಲ್ಯುಲೋಸ್ ತನ್ನ ಮೊದಲಿನ ರೂಪಕ್ಕೆ ಮರಳಿ ಎಳೆಯಾಗಿ ನಿಲ್ಲುತ್ತದೆ. ಜಗತ್ತಿನ ವಿಸ್ಕೋಸ್ ಕಾರ್ಖಾನೆಗಳು ಇಂದಿಗೂ ನಡೆಯುವುದು ಇದೇ ಸೂತ್ರದ ಮೇಲೆ.

ಇದರ ಬೆಲೆಯೂ ಸಣ್ಣದಲ್ಲ. ನೂರು ಕೆ.ಜಿ. ಸೆಲ್ಯುಲೋಸಿಗೆ ಸುಮಾರು ಮೂವತ್ತು ಕೆ.ಜಿ. ಕಾರ್ಬನ್ ಡೈಸಲ್ಫೈಡ್ ಬೇಕು. ಎಳೆಯಲ್ಲಿ ಅದರ ಅಂಶ ಉಳಿಯುವುದೇ ಇಲ್ಲ. ಕೆಲಸ ಮುಗಿಸಿ ಹೊರಬೀಳುತ್ತದೆ, ಸ್ವಲ್ಪ ಹಾಗೇ, ಸ್ವಲ್ಪ ಹೈಡ್ರೋಜನ್ ಸಲ್ಫೈಡ್ ಆಗಿ. ಕೊಳೆತ ಮೊಟ್ಟೆಯ ವಾಸನೆ ಎಂದು ಪಠ್ಯಪುಸ್ತಕದಲ್ಲಿ ಬರುವ ಅನಿಲ ಇದೇ. ಕಾರ್ಬನ್ ಡೈಸಲ್ಫೈಡ್ ನರಗಳಿಗೆ, ಹೃದಯಕ್ಕೆ ಮಾಡುವ ಕೇಡು ಯುರೋಪ್, ಅಮೆರಿಕಗಳ ರೇಯಾನ್ ಕಾರ್ಮಿಕರ ದೇಹಗಳ ಮೇಲೆಯೇ ಗೊತ್ತಾದದ್ದು. ಆಧುನಿಕ ಕಾರ್ಖಾನೆಗಳು ಈ ಅನಿಲಗಳ ಬಹುಪಾಲನ್ನು ಹಿಡಿದು ಮತ್ತೆ ಬಳಸುತ್ತವೆ. ಆದರೆ ಹಿಡಿಯುವುದು ಬೇರೆ, ಬಳಸದೇ ಇರುವುದು ಬೇರೆ.

ಈಗ ಬರಲಿರುವುದು ಆ ಎರಡನೆಯ ದಾರಿ. ಅದರ ಹೆಸರು ಲಯೋಸೆಲ್. 2024ರಲ್ಲಿ ಗ್ರಾಸಿಮ್ ಕಂಪನಿ ತನ್ನ ಹರಿಹರ ಘಟಕದಲ್ಲಿ ಲಯೋಸೆಲ್ ಎಳೆಯ ಯೋಜನೆಯನ್ನು ಪ್ರಕಟಿಸಿತು. ಮೊದಲ ಹಂತದ ಸಾಮರ್ಥ್ಯವೇ ವರ್ಷಕ್ಕೆ 55,000 ಟನ್. ಇಲ್ಲಿ ಕಾರ್ಬನ್ ಡೈಸಲ್ಫೈಡಿಗೆ ಕೆಲಸವೇ ಇಲ್ಲ. ಎನ್‌-ಮೀಥೈಲ್‌ಮಾರ್ಫೋಲಿನ್ ಎನ್‌-ಆಕ್ಸೈಡ್ ಎಂಬ ಉದ್ದ ಹೆಸರಿನ ದ್ರಾವಕವೊಂದಿದೆ. ಎನ್‌ಎಮ್‌ಎಮ್‌ಒ ಎಂದರೆ ಸಾಕು. ಇದರ ಅಣುವಿನಲ್ಲಿರುವ ಆಕ್ಸಿಜನ್ ಸೆಲ್ಯುಲೋಸಿನ ಹೈಡ್ರೋಜನ್ ಕೊಂಡಿಗಳನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಬಿಗಿದಿದ್ದ ಸರಪಳಿಗಳು ಸಡಿಲವಾಗುತ್ತವೆ, ತಿರುಳು ಕರಗುತ್ತದೆ, ಸಕ್ಕರೆ ನೀರಿನಲ್ಲಿ ಕರಗಿದ ಹಾಗೆಯೇ. ಹೊಸ ಸಂಯುಕ್ತವಿಲ್ಲ, ಗಂಧಕವಿಲ್ಲ. ಬಿಸಿಯಾದ ಆ ಪಾಕವನ್ನು ತೂತುಗಳಿಂದ ಒತ್ತಿ, ಸ್ವಲ್ಪ ದೂರ ಗಾಳಿಯಲ್ಲಿ ಎಳೆದು ನೀರಿಗೆ ಇಳಿಸಿದರೆ ದ್ರಾವಕ ನೀರಿಗೆ ಹೋಗುತ್ತದೆ, ಎಳೆ ಉಳಿಯುತ್ತದೆ. ಆ ನೀರನ್ನು ಆವಿ ಮಾಡಿ ದ್ರಾವಕವನ್ನು ಮತ್ತೆ ತಿರುಳಿಗೆ ಹಾಕಬಹುದು.

ಇದು ನಿನ್ನೆ ಮೊನ್ನೆ ಕಂಡುಹಿಡಿದದ್ದೂ ಅಲ್ಲ. ಅಮೆರಿಕದ ಎಂಕಾ ಕಂಪನಿ 1970ರ ದಶಕದಲ್ಲೇ ಇದರ ಮೇಲೆ ದುಡಿದು, ಕೊನೆಗೆ ಕೈಬಿಟ್ಟಿತು. ಇಂಗ್ಲೆಂಡಿನ ಕೋರ್ಟಾಲ್ಡ್ಸ್ ಕಂಪನಿ ಪಟ್ಟು ಹಿಡಿದು 1992ರಲ್ಲಿ ಅಮೆರಿಕದ ಅಲಬಾಮಾದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿತು. ಗ್ರಾಸಿಮ್ ಕೂಡ ಬಿರ್ಲಾ ಎಕ್ಸೆಲ್ ಎಂಬ ಹೆಸರಿನಲ್ಲಿ ಇದೇ ಎಳೆಯನ್ನು ಹಿಂದೆಯೇ ತಯಾರಿಸಿದೆ. ಪ್ರಯೋಗಶಾಲೆಯಿಂದ ಕುಮಾರಪಟ್ಟಣದ ದಂಡೆಗೆ ಬರಲು ಅರ್ಧ ಶತಮಾನ ಹಿಡಿಯಿತು! "ಶೀಘ್ರದಲ್ಲೇ ಬರಲಿದೆ" ಎಂದು ಪತ್ರಿಕೆಗಳಲ್ಲಿ ಬರುವ ಆವಿಷ್ಕಾರಗಳಲ್ಲಿ ಹೆಚ್ಚಿನವು ಹೀಗೇ ಎಂದೋ ಹುಟ್ಟಿ ದಾರಿಯಲ್ಲಿ ಸವೆದು ಬಂದಂಥವು.

ದಾರಿಯಲ್ಲಿ ಅಷ್ಟು ವರ್ಷ ಏನಾಯಿತು? ಮುಖ್ಯವಾಗಿ ಲೆಕ್ಕ ಕೂಡಿಬರಲಿಲ್ಲ. ಹತ್ತನೆಯ ತರಗತಿಯ ಯಾವ ವಿದ್ಯಾರ್ಥಿಯೂ ಮಾಡಬಹುದಾದ ಲೆಕ್ಕ ಅದು. ಒಂದು ಕೆ.ಜಿ. ಎಳೆಗೆ ಸುಮಾರು 6 ಕೆ.ಜಿ. ದ್ರಾವಕ ಬೇಕು. 55,000 ಟನ್ ಎಳೆಗೆ 3,30,000 ಟನ್ ದ್ರಾವಕ ವರ್ಷವಿಡೀ ಸುತ್ತಬೇಕು. ನೂರಕ್ಕೆ 99 ಪಾಲು ಮರಳಿ ಸಿಕ್ಕಿತು ಎಂದರೆ ಪರೀಕ್ಷೆಯಲ್ಲಾದರೆ ರ‍್ಯಾಂಕು, ಇಲ್ಲಿ ಅದು ನಪಾಸು. ಕಳೆದುಹೋದ ಆ ಒಂದು ಪಾಲು ವರ್ಷಕ್ಕೆ 3,300 ಟನ್ ಆಗುತ್ತದೆ. ದುಡ್ಡೂ ಹೋಯಿತು, ಹೋದದ್ದು ಎಲ್ಲೋ ನೀರಿಗೇ ಸೇರಿತು. 99.7ಕ್ಕೆ ಮುಟ್ಟಿಸಿದರೆ ನಷ್ಟ 990 ಟನ್ನಿಗೆ ಇಳಿಯುತ್ತದೆ. ದಶಮಾಂಶ ಬಿಂದುವಿನ ಬಲಗಡೆಯ ಆ ಒಂದು ಅಂಕಿಗಾಗಿ ಎಂಜಿನಿಯರುಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ. ಇನ್ನೊಂದು ತೊಡಕು ಸುರಕ್ಷತೆಯದು. ಈ ದ್ರಾವಕ ಅತಿಯಾಗಿ ಬಿಸಿಯಾದರೆ, ಅದರಲ್ಲೂ ಕಬ್ಬಿಣ, ತಾಮ್ರದ ಅಂಶ ಸೇರಿಕೊಂಡರೆ ತನ್ನಷ್ಟಕ್ಕೆ ವಿಭಜನೆಗೊಂಡು ಸಿಡಿಯುವ ಅಪಾಯವುಂಟು. ಅದನ್ನು ತಡೆಯಲು ಪ್ರೊಪೈಲ್ ಗ್ಯಾಲೇಟ್ ಎಂಬ ವಸ್ತುವನ್ನು ಚೂರು ಬೆರೆಸುತ್ತಾರೆ. ಅಡುಗೆ ಎಣ್ಣೆ ಕಮಟು ಹಿಡಿಯದಂತೆ ಬಳಸುವುದೂ ಅದನ್ನೇ.

ಹಾಗಾದರೆ ಲಯೋಸೆಲ್ ಬಂದ ಮೇಲೆ ತುಂಗಭದ್ರೆಯ ಕಷ್ಟವೆಲ್ಲ ಮುಗಿಯಿತೇ? ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಹೊಸ ದ್ರಾವಕ ಎಳೆ ತೆಗೆಯುವ ಕೆಲಸವನ್ನಷ್ಟೇ ಹಸನು ಮಾಡುತ್ತದೆ. ಅದಕ್ಕೂ ತಿರುಳು ಬೇಕು, ತಿರುಳಿಗೆ ಮರ ಬೇಕು. ಮರದಲ್ಲಿ ಸೆಲ್ಯುಲೋಸಿನ ಜೊತೆ ಲಿಗ್ನಿನ್ ಎಂಬ ಕಂದು ಅಂಟು ಇರುತ್ತದೆ. ಅದನ್ನು ಬೇಯಿಸಿ ಬೇರ್ಪಡಿಸಬೇಕು, ತಿರುಳನ್ನು ಬಿಳಿ ಮಾಡಬೇಕು, ತೊಳೆಯಬೇಕು. ಈ ಭಾಗದ ಜನ ಕಂಡ ಕಷ್ಟ ಹೆಚ್ಚಾಗಿ ಮರ ಮತ್ತು ತಿರುಳಿಗೇ ಸಂಬಂಧಿಸಿದ್ದು.

1980ರ ದಶಕದಲ್ಲಿ ಹೊಳೆಯಲ್ಲಿ ಮೀನುಗಳು ರಾಶಿ ರಾಶಿಯಾಗಿ ಸತ್ತಾಗ ಕಾರ್ಖಾನೆಯ ಕೊಳಕು ನೀರೇ ಕಾರಣ ಎಂದು ಕೆಳಹರಿವಿನ ಹಳ್ಳಿಗಳ ಜನ ದೂರಿದರು, ಮೆರವಣಿಗೆ ಮಾಡಿದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅವರ ಜೊತೆ ನಿಂತಿತು. ಅದೇ ಹೊತ್ತಿಗೆ, 1984ರಲ್ಲಿ, ಸರ್ಕಾರವೂ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿ, ಹಳ್ಳಿಗಳ ಸಾರ್ವಜನಿಕ ಜಮೀನಿನಲ್ಲಿ ನೀಲಗಿರಿ ಬೆಳೆಸಲು ಹೊರಟವು. ದನ ಮೇಯಿಸುವ, ಸೌದೆ ತರುವ ಜಾಗ ಹೋಗುತ್ತದೆಂದು ರೈತರು ತಿರುಗಿಬಿದ್ದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ನಡೆದ "ಕಿತ್ತಿಕೊ ಹಚ್ಚಿಕೊ" ಸತ್ಯಾಗ್ರಹವನ್ನು ಹಿರಿಯರು ಇನ್ನೂ ಮರೆತಿಲ್ಲ. ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ಹಚ್ಚುವುದು, ಇಷ್ಟೇ. ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಹೋದರು. 1991ರಲ್ಲಿ ಆ ಕಂಪನಿ ಮುಚ್ಚಿತು. ಅಲ್ಲಿಂದೀಚೆಗೆ ಕಾನೂನು ಬಿಗಿಯಾಗಿದೆ, ಶುದ್ಧೀಕರಣದ ತಂತ್ರವೂ ಬೆಳೆದಿದೆ. ಆದರೂ ಪ್ರತಿ ಟನ್ ಎಳೆಗೆ ಇಷ್ಟು ಮರ ಎಂಬ ಲೆಕ್ಕ ಯಾವ ದ್ರಾವಕದಿಂದಲೂ ಬದಲಾಗದು.

ಮರವಿಲ್ಲದೆ ಸೆಲ್ಯುಲೋಸ್ ಎಲ್ಲಿಂದ ತರುವುದು? ಉತ್ತರ ಪ್ರತಿ ಮನೆಯ ಹಳೆ ಬಟ್ಟೆಯ ಗಂಟಿನಲ್ಲಿದೆ. ಹರಿದ ಪಂಚೆ, ಸವೆದ ಹಾಸಿಗೆ ಹೊದಿಕೆ, ಎಲ್ಲ ಶುದ್ಧ ಸೆಲ್ಯುಲೋಸ್. ಅದನ್ನೇ ಮತ್ತೆ ತಿರುಳು ಮಾಡಿ ಕರಗಿಸಿ ಎಳೆ ತೆಗೆಯಬಹುದಲ್ಲವೇ? ತೆಗೆಯಬಹುದು, ತೆಗೆದಿದ್ದಾರೆ ಕೂಡ. ಸ್ವೀಡನ್ನಿನ ರಿನ್ಯೂಸೆಲ್ ಕಂಪನಿ 2022ರಲ್ಲಿ ಹಳೆ ಹತ್ತಿಬಟ್ಟೆಯಿಂದ ತಿರುಳು ಮಾಡುವ ದೊಡ್ಡ ಕಾರ್ಖಾನೆ ತೆರೆಯಿತು. ಎಲ್ಲರೂ ಹೊಗಳಿದರು. ಕೊಳ್ಳುವವರು ಸಾಕಷ್ಟು ಬರಲಿಲ್ಲ. 2024ರ ಫೆಬ್ರವರಿಯಲ್ಲಿ ಕಂಪನಿ ದಿವಾಳಿಯಾಯಿತು, ಬೇರೆಯವರು ಕೊಂಡು ಹೊಸ ಹೆಸರಿಟ್ಟರು. ವಿಜ್ಞಾನ ಗೆದ್ದೂ ವ್ಯಾಪಾರ ಸೋಲಬಹುದು ಎಂಬುದಕ್ಕೆ ಇದಕ್ಕಿಂತ ತಾಜಾ ಉದಾಹರಣೆ ಬೇಕಿಲ್ಲ.

ಅದಕ್ಕಿಂತ ಗಟ್ಟಿ ಕಗ್ಗಂಟು ಇನ್ನೊಂದಿದೆ. ಅದು ಶಾಲೆಯ ಸಮವಸ್ತ್ರದಲ್ಲೇ ಇದೆ. ಟೆರಿಕಾಟ್ ಎಂದರೆ ಪಾಲಿಯೆಸ್ಟರ್ ಮತ್ತು ಹತ್ತಿಯ ಬೆರಕೆ. ನೂಲಿನಲ್ಲೇ ಎರಡೂ ಹೊಸೆದುಕೊಂಡಿರುತ್ತವೆ. ಕೈಯಿಂದ ಬಿಡಿಸುವುದು ಆಗದ ಮಾತು. 2016ರಲ್ಲಿ ಜಪಾನಿನ ವಿಜ್ಞಾನಿಗಳು ಸಕಾಯ್ ಎಂಬಲ್ಲಿ ಬಾಟಲಿ ಮರುಬಳಕೆ ಘಟಕವೊಂದರ ಬಳಿ ಪಾಲಿಯೆಸ್ಟರನ್ನು ತಿಂದು ಬದುಕುವ ಬ್ಯಾಕ್ಟೀರಿಯಾ ಕಂಡರು. ಅದರ ಕಿಣ್ವವನ್ನು ಮಾರ್ಪಡಿಸಿ ಚುರುಕುಗೊಳಿಸುವ ಪ್ರಯತ್ನ ಹಲವು ದೇಶಗಳಲ್ಲಿ ನಡೆದಿದೆ. ಬಟ್ಟೆಯ ಪಾಲಿಯೆಸ್ಟರ್ ಎಳೆ ಬಿಗಿಯಾದ ಸ್ಫಟಿಕದ ಜೋಡಣೆ ಉಳ್ಳದ್ದು, ಕಿಣ್ವಕ್ಕೆ ಸುಲಭವಾಗಿ ಬಾಯಿ ಬಿಡುವುದಿಲ್ಲ. ಇದು ಎಂದು ಬಗೆಹರಿದೀತು ಎಂದು ತಾರೀಖು ಹೇಳುವವರನ್ನು ನಂಬದಿರುವುದೇ ಲೇಸು. ಆದರೆ ಬಗೆಹರಿಸುವವರು ಈಗ ಒಂಬತ್ತನೆಯ ಅಥವಾ ಹತ್ತನೆಯ ತರಗತಿಯಲ್ಲಿ ಕೂತಿರುವ ವಯಸ್ಸಿನವರು.

ತಂದೆತಾಯಿಗಳ ಚಿಂತೆ ಬೇರೆ. ಮಗ ಯಾವ ಕೋರ್ಸು ಸೇರಿದರೆ ನೌಕರಿ ಖಾತ್ರಿ ಎಂಬುದು ಅವರ ಪ್ರಶ್ನೆ. ಹೊಳೆಯ ಆಚೆ ದಂಡೆಯ ಕಡೆ ಕೈ ತೋರಿಸಿದರೆ ಅರ್ಧ ಉತ್ತರ ಸಿಗುತ್ತದೆ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇಥುಗಳು ದೇಶಕ್ಕೆಲ್ಲ ಹೋಗುತ್ತಿದ್ದವು. ಅಲ್ಲಿ ಕೆಲಸ ಸಿಕ್ಕಿತೆಂದರೆ ಜೀವನ ದಡ ಸೇರಿತು ಎಂದೇ ಲೆಕ್ಕ. ಶತಮಾನ ಹೊರಳುವ ಹೊತ್ತಿಗೆ ಅದು ಬಾಗಿಲು ಹಾಕಿತು. ಯಂತ್ರ ಬದಲಾಗುತ್ತದೆ, ಕಾರ್ಖಾನೆ ಬದಲಾಗುತ್ತದೆ. ಲಯೋಸೆಲ್ ಘಟಕಕ್ಕೆ ಬೇಕಾಗುವುದು ಕೆಮಿಕಲ್ ಎಂಜಿನಿಯರುಗಳಷ್ಟೇ ಅಲ್ಲ. ಉಷ್ಣತೆಯ ಮಾಪಕ ನೋಡಿಕೊಳ್ಳುವ ಐಟಿಐ ಹುಡುಗ ಬೇಕು, ನೀರಿನ ಮಾದರಿ ಪರೀಕ್ಷಿಸುವ ಬಿ.ಎಸ್ಸಿ. ಹುಡುಗಿ ಬೇಕು, 99.6 ಮತ್ತು 99.7ರ ನಡುವಿನ ವ್ಯತ್ಯಾಸಕ್ಕೆ ಬೆಲೆ ಕಟ್ಟಬಲ್ಲ ಲೆಕ್ಕಿಗನೂ ಬೇಕು. ಇದೇ ನೀರಿನ ಮಾದರಿಯನ್ನು ಕಾರ್ಖಾನೆಯ ಹೊರಗೆ ನಿಂತು, ಊರಿನ ಪರವಾಗಿ ಪರೀಕ್ಷಿಸುವವರು ಬೇಕಾಗುವುದೂ ಅಷ್ಟೇ ನಿಜ. ಯಾಕೋ ಈ ಕೊನೆಯ ಉದ್ಯೋಗದ ಹೆಸರನ್ನು ಯಾವ ತಂದೆತಾಯಿಯೂ ಹೇಳುವುದಿಲ್ಲ.

ಮುಂಗಾರಿಗೆ ಮುಂಚೆ ಶಾಲೆಯಲ್ಲಿ ಮಾಡಬಹುದಾದ ಪ್ರಯೋಗವೊಂದಿದೆ, ಖರ್ಚಿಲ್ಲದ್ದು. ಹಳೆಯ ಹತ್ತಿ ಧೋತರದ ಒಂದು ತುಂಡು, ರೇಯಾನಿನ ಒಂದು ತುಂಡು, ಬರೀ ಪಾಲಿಯೆಸ್ಟರಿನ ಒಂದು, ಟೆರಿಕಾಟ್ ಸಮವಸ್ತ್ರದ ಒಂದು. ಎಲ್ಲವೂ ಅಂಗೈಯಗಲ. ತಿಪ್ಪೆಗೊಬ್ಬರ ಬೆರೆಸಿದ ಹಸಿ ಮಣ್ಣಿನಲ್ಲಿ ಗೇಣುದ್ದ ಆಳಕ್ಕೆ, ಸ್ವಲ್ಪ ಅಂತರ ಬಿಟ್ಟು ಹುಗಿದು ಗುರುತಿಗೆ ಕಡ್ಡಿ ನೆಡಬೇಕು. ಮಣ್ಣು ಒಣಗಲು ಬಿಡಬಾರದು. ಎರಡು ಮೂರು ತಿಂಗಳ ನಂತರ ಅಗೆದರೆ ಹತ್ತಿ ಮತ್ತು ರೇಯಾನ್ ತುಂಡುಗಳು ಬೆರಳಿಗೆ ಸಿಕ್ಕರೂ ಎತ್ತುವಷ್ಟರಲ್ಲಿ ಚೂರಾಗುತ್ತವೆ. ಪಾಲಿಯೆಸ್ಟರ್ ತುಂಡನ್ನು ತೊಳೆದು ಮತ್ತೆ ಹೊಲಿಗೆಗೆ ಹಾಕಬಹುದು. ಟೆರಿಕಾಟಿನದು ಮಾತ್ರ ವಿಚಿತ್ರ. ಬಟ್ಟೆ ಇದ್ದ ಹಾಗೇ ಕಾಣುತ್ತದೆ, ಬೆಳಕಿಗೆ ಹಿಡಿದರೆ ಜಾಳು ಜಾಳು. ಹತ್ತಿ ಹೋದ ಕಡೆಗಳಲ್ಲಿ ಪಾಲಿಯೆಸ್ಟರಿನ ಎಳೆಗಳು ಮಾತ್ರ ನಿಂತಿರುತ್ತವೆ. ಬೆರಕೆಯನ್ನು ಬಿಡಿಸುವ ವಿದ್ಯೆ ತಿಪ್ಪೆಯ ಸೂಕ್ಷ್ಮಜೀವಿಗಳಿಗೆ ಆಗಲೇ ಗೊತ್ತು. ಆದರೆ ಮನುಷ್ಯನಿಗೆ ಉಳಿಯಬೇಕಾಗಿರುವ ಹತ್ತಿಯನ್ನೇ ಅವು ತಿಂದು ಮುಗಿಸಿರುತ್ತವೆ.