ಮಳಿ ಹಿಡಿಯೂದ್ರೊಳಗ ಗಾಡಿಗೊಂದು ಕೈ ಮೇಣ

ಮೇ ತಿಂಗಳು ಬಂತಂದ್ರ ನಮ್ಮ ಕಡೆ ಎಲ್ಲಾರ ಮನ್ಯಾಗೂ ಒಂದ ಗಡಿಬಿಡಿ. ಹಪ್ಪಳ ಸಂಡಿಗಿ ಒಣಗಿಸಿ ಡಬ್ಬಿ ತುಂಬಬೇಕು, ಕಟಗಿ ಒಳಗ ಹಾಕಬೇಕು, ಹಂಚಿನ ಮನಿ ಇದ್ದವರು ಹಂಚು ಕೈಯಾಡಸಬೇಕು. ದಾಂಡೇಲಿ, ಜೋಯಿಡಾ ಕಡೆ ಮಳಿ ಒಮ್ಮೆ ಹಿಡೀತಂದ್ರ ಮುಂದ ಮೂರು–ನಾಕು ತಿಂಗಳು ಯಾವ ಕೆಲಸಕ್ಕೂ ಅಂಗಳಕ್ಕ ಇಳಿಯಾಕ ಆಗೂದಿಲ್ಲ. ಈ ಪಟ್ಟಿಗೆ ನಾನು ಈಗ ಇನ್ನೊಂದು ಕೆಲಸ ಸೇರಿಸೇನಿ. ಗಾಡಿ ತೊಳದು ಮೇಣ ಹಚ್ಚೂದು.

"ಅಯ್ಯ, ಗಾಡಿ ತೊಳಿಯೂದು ಗಂಡಸರ ಕೆಲಸ ಅಲ್ಲೇನ?" ಅಂತ ಮುಂಡಗೋಡದ ನಮ್ಮ ವೈನಿ ನಕ್ಕರು. ಗಂಡಸರ ಕೆಲಸ, ಹೆಂಗಸರ ಕೆಲಸ ಅನ್ನೂದು ಮೈಯಾಗ ಶಕ್ತಿ ಇರೂತನಕ ನೋಡ್ರಿ. ನಮ್ಮ ಮನಿಯವರಿಗೆ ಎದಿಗೆ ಸ್ಟೆಂಟ್ ಹಾಕಿದ ಮ್ಯಾಲ ಡಾಕ್ಟರು ತುಂಬಿದ ಬಕೀಟು ಎತ್ತಬ್ಯಾಡ್ರಿ ಅಂದಾರ. ತಿಂಗಳಿಗೊಮ್ಮೆ ತೋರಸಾಕ ಧಾರವಾಡಕ್ಕ ಹೋಗಬೇಕು, ಹಳಿಯಾಳ ದಾಟಿ ಹತ್ರ ಹತ್ರ 55 ಕಿಲೋಮೀಟರ. ಬಸ್ಸಿನ್ಯಾಗ ನಿಂತು ಹೋಗೂದು ಅವರ ಕೈಲೆ ಆಗೂದಿಲ್ಲ. ಮಗಳು ಗಾಡಿ ಹೊಡೀತಾಳ. ಇವರು ರಿಟೈರ್ ಆದಾಗ ಬಂದ ರೊಕ್ಕದಾಗ ತಗೊಂಡ ಗಾಡಿ ಅದು. ಇದು ಹಾಳಾದ್ರ ಇನ್ನೊಂದು ತಗೊಳ್ಳೂ ಹಂಗಿಲ್ಲ. ಅದಕ್ಕ ಇದು ಇನ್ನೂ ಹತ್ತು ವರ್ಷ ಬಾಳಬೇಕು. ಎಂಜಿನ್ ನೋಡಾಕ ಮೆಕ್ಯಾನಿಕ್ ಇದ್ದಾನ. ಮೈ ನೋಡಕೊಳ್ಳೂದು ನಮ್ಮ ಕೈಯಾಗ ಐತಿ.

ಮೊದಲು ಗಾಡಿ ಬಣ್ಣ ಅಂದ್ರ ಏನಂತ ತಿಳಕೊಳ್ಳೂನು. ಕಣ್ಣಿಗೆ ಒಂದ ಬಣ್ಣ ಕಂಡ್ರೂ ಅದರಾಗ ಪದರ ಪದರ ಇರತೈತಿ. ತಗಡಿನ ಮ್ಯಾಲ ತುಕ್ಕು ತಡಿಯೂ ಪ್ರೈಮರ್, ಅದರ ಮ್ಯಾಲ ಬಣ್ಣ, ಎಲ್ಲಾದಕ್ಕಿಂತ ಮ್ಯಾಲ ಗ್ಲಾಸಿನಂಥಾ ಹೊಳಪಿನ ಒಂದು ಪದರ. ಅದಕ್ಕ ಕ್ಲಿಯರ್ ಕೋಟ್ ಅಂತಾರ. ಎಲ್ಲಾ ಕೂಡಿ ದಪ್ಪ ಸುಮಾರು 100ರಿಂದ 150 ಮೈಕ್ರಾನ್. ಅಂದ್ರ ನ್ಯೂಸ್ ಪೇಪರಿನ ಎರಡು ಹಾಳಿ ಕೂಡಿಸಿದಷ್ಟ. ಅದರಾಗ ಮ್ಯಾಲಿನ ಕ್ಲಿಯರ್ ಕೋಟ್ 40–50 ಮೈಕ್ರಾನ್, ನಮ್ಮ ತಲಿಗೂದಲಿನಷ್ಟೂ ದಪ್ಪ ಇಲ್ಲ. ಬಿಸಲು, ಮಳಿ, ಧೂಳು ಎಲ್ಲಾ ತಡಕೊಳ್ಳೂದು ಅದ. ಅದು ಸವದರ ಬಣ್ಣ ಮಬ್ಬಾಗತೈತಿ, ಬಣ್ಣ ಎದ್ದಲ್ಲಿ ತಗಡಿಗೆ ತುಕ್ಕು ಹಿಡಿತೈತಿ.

ಇಷ್ಟು ತೆಳು ಪದರಕ್ಕ ಎಲ್ಲಾದಕ್ಕಿಂತ ದೊಡ್ಡ ವೈರಿ ಯಾರು ಗೊತ್ತೇನ್ರಿ? ಬಿಸಲೂ ಅಲ್ಲ, ಮಳಿಯೂ ಅಲ್ಲ, ನಮ್ಮ ಒಣಾ ಅರಿವಿ. ಹಳಿಯಾಳದಾಗ ನಮ್ಮ ಸಂಬಂಧಿಕರೊಬ್ಬರು ಕರೀ ಗಾಡಿ ತಗೊಂಡು ದಿನಾ ಮುಂಜಾನೆ ಒಂದು ಹುಡುಗನ ಕಡಿಂದ ಒರಸತಿದ್ರು. ಆ ಹುಡುಗನ ಹತ್ರ ಒಂದ ಅರಿವಿ, ಐದಾರು ಮನಿ ಗಾಡಿ. ಪಾಪ, ಅವಗ ಯಾರೂ ಎರಡನೇ ಅರಿವಿ ಕೊಟ್ಟಿರಲಿಲ್ಲ. ವರ್ಷ ತುಂಬೂದ್ರೊಳಗ ಬಿಸಲಾಗ ನಿಂತು ನೋಡಿದ್ರ ಬಾನೆಟ್ ತುಂಬ ಜೇಡರ ಬಲಿ ಹರದಂಗ ಸಣ್ಣ ಸಣ್ಣ ಗೀರು. ಧೂಳಿನ್ಯಾಗ ಉಸುಕು ಇರತೈತಿ ರೀ. ಉಸುಕಿನ ಕಣ ಬಣ್ಣಕ್ಕಿಂತ ಎಷ್ಟೋ ಗಟ್ಟಿ. ಒಣಾ ಅರಿವಿಯಿಂದ ಒರಸೂದಂದ್ರ ಉಸುಕಿನ ಕಾಗದ ತಿಕ್ಕಿದಂಗ. ಸ್ಟೀಲ್ ತಾಟಿನ ಮ್ಯಾಲ ಬೂದಿ ಹಾಕಿ ತಿಕ್ಕಿದ್ರ ಗೀರು ಬೀಳೂದು ನಾವೆಲ್ಲಾ ನೋಡಿಲ್ಲೇನು? ಅದ ಲೆಕ್ಕ. ಅದಕ್ಕ ನಾನು ಹೇಳೂದು ಒಂದ ಮಾತು: ಒಣಾ ಗಾಡಿ ಒರಸಬ್ಯಾಡ್ರಿ. ತೊಳಿಯಾಕ ಪುರಸೊತ್ತಿಲ್ಲಂದ್ರ ಧೂಳು ಹಂಗ ಇರಲಿ. ಮುಂದಿನ ಗ್ಲಾಸು ಅಷ್ಟ ನೀರು ಹಾಕಿ ಒರಸಿ ಹೋಗ್ರಿ.

ನಮ್ಮ ಸೀಮ್ಯಾಗ ಬ್ಯಾರೆ ವೈರಿಗಳೂ ಇದ್ದಾವ. ಜೋಯಿಡಾ, ಉಳವಿ ಕಡೆ ಹೋಗಿ ಬಂದ್ರ ಕೆಂಪು ಧೂಳಿ ಬಾಗಲ ಸಂದಿ ಸಂದ್ಯಾಗ ಕುಂತಿರತೈತಿ. ಹಳಿಯಾಳದ ರಸ್ತ್ಯಾಗ ಕಬ್ಬಿನ ಟ್ರ್ಯಾಕ್ಟರಿನ ಹಿಂದ ಸಿಕ್ಕೊಂಡ್ರ ಧೂಳು, ರವದಿ ಎಲ್ಲಾ ನಮ್ಮ ಮ್ಯಾಲ. ಮುಂಡಗೋಡದಾಗ ಗೊಂಜಾಳ, ಭತ್ತದ ಸುಗ್ಗಿ ಹೊತ್ತಿನ್ಯಾಗ ಹೊಟ್ಟು ಹಾರತೈತಿ. ದಾಂಡೇಲ್ಯಾಗ ಗಿಡಾ ಹೆಚ್ಚು. ಮಾವಿನ ಗಿಡದ ನೆಳ್ಳು ತಂಪಂತ ನಿಲ್ಲಿಸಿದ್ರ ಹೂವಿನ ಕಾಲದಾಗ ಜಿಗಿಹುಳದ ಜಿಗಟು ಸುರೀತೈತಿ. ಹಲಸಿನ ಗಿಡದಿಂದ ಹಾಲು ಬೀಳತೈತಿ. ಹಕ್ಕಿಗಳಂತೂ ಕೇಳಬ್ಯಾಡ್ರಿ. ಮಂಗಟ್ಟೆ ಹಕ್ಕಿ ನೋಡಾಕ ದೂರ ದೂರದಿಂದ ಮಂದಿ ಬರತಾರ, ನಮಗ ಅವು ಆಲದ ಹಣ್ಣು ತಿಂದು ಬಾನೆಟ್ ಮ್ಯಾಲ ಉಡುಗೊರೆ ಕೊಟ್ಟು ಹೋಗತಾವ. ಹಿಕ್ಕ್ಯಾಗ ಬೆಳ್ಳಗ ಇರತೈತಲ್ಲ, ಅದು ಯೂರಿಕ್ ಆಮ್ಲ. ಬಿಸಲಾಗ ಕಾದ ತಗಡಿನ ಮ್ಯಾಲ ಅದು ಒಂದೆರಡು ದಿನ ಉಳೀತಂದ್ರ ಕ್ಲಿಯರ್ ಕೋಟ್ ತಿಂದು ಕಲಿ ಬೀಳತೈತಿ. ಅದನ್ನ ಕೆರಿಬ್ಯಾಡ್ರಿ. ತೊಯ್ಸಿದ ಅರಿವಿ ಹತ್ತು ನಿಮಿಷ ಮ್ಯಾಲ ಹಾಕಿ ಬಿಡ್ರಿ, ನೆಂದ ಮ್ಯಾಲ ಮೆಲ್ಲಕ ಎತ್ತಿಬಿಡ್ರಿ. ಹಲಸಿನ ಹಾಲಿಗೆ ಔಷಧ ನಮಗ ಗೊತ್ತಿದ್ದದ್ದ. ಹಣ್ಣು ಬಿಡಸೂವಾಗ ಕೈಗೆ ಎಣ್ಣಿ ಹಚ್ಚಕೊಳ್ತೇವಲ್ಲ, ಅದ ಕೊಬ್ಬರಿ ಎಣ್ಣಿ ಎರಡು ಹನಿ ಹಚ್ಚಿ ಮೆತ್ತಗಾದ ಮ್ಯಾಲ ತಗದು, ಸೋಪಿನ ನೀರಿಲೆ ತೊಳೀರಿ.

ಈಗ ತೊಳಿಯೂದು. ಮುಂಜಾನೆ ಏಳರೊಳಗ ಇಲ್ಲಾ ಸಂಜಿ ಮುಂದ, ಗಾಡಿ ನೆಳ್ಳಾಗ ಇರಬೇಕು, ತಗಡು ಮುಟ್ಟಿದ್ರ ತಣ್ಣಗ ಇರಬೇಕು. ಬಿಸಿ ತಗಡಿನ ಮ್ಯಾಲ ಸೋಪು ಒಣಗಿ ಕಲಿ ಉಳಿತಾವ. ನನಗ ನಾಕು ಬಕೀಟು ನೀರು ಸಾಕು. ಪೈಪ್ ಬಿಟ್ಟು ನಿಂತ್ರ ಎರಡು ದಿನದ ಅರಿವಿ ಒಗಿಯೂ ನೀರು ಗಟಾರಕ್ಕ ಹೋಗತೈತಿ. ಏಪ್ರಿಲ್–ಮೇದಾಗ ಮಗ್ಗಲ ಓಣ್ಯಾಗ ಟ್ಯಾಂಕರ್ ಕಾಯೂವಾಗ ನಾವು ಪೈಪ್ ಹಿಡಕೊಂಡು ನಿಲ್ಲೂದು ಚಂದಲ್ಲ. ಬಾವಿ ಇದ್ದವರು ಬಾವಿ ಕಟ್ಟಿಂದ ದೂರ ತೊಳೀರಿ, ಸೋಪಿನ ನೀರು ತಿರುಗಿ ಬಾವಿಗೆ ಇಳೀಬಾರದು.

ಮೊದಲ ಬಕೀಟು ಬರೇ ನೀರು. ತಂಬಿಗಿಲೆ ಮ್ಯಾಲಿಂದ ಸುರುವಿ ಧೂಳು ಇಳಿಸಬೇಕು, ಕೈ ಹಚ್ಚಬಾರದು. ರಾಡಿ ಹತ್ತಿದಲ್ಲಿ ನೀರು ಹಾಕಿ ಐದು ನಿಮಿಷ ನೆನಿಯಾಕ ಬಿಡ್ರಿ. ತಳಾ ಹತ್ತಿದ ಬೋಗೋಣಿಗೆ ನೀರು ಹಾಕಿ ಇಡ್ತೇವಲ್ಲ, ಹಂಗ. ಎರಡನೇ ಬಕೀಟಿಗೆ ಗಾಡಿ ಶಾಂಪೂ, ಮೂರನೇದರಾಗ ಬರೇ ನೀರು. ಈ ಮೂರನೇ ಬಕೀಟಿನಾಗ ಐತಿ ಎಲ್ಲಾ ಗುಟ್ಟು. ಸೋಪಿನ ಅರಿವಿಲೆ ಒಂದು ಬಾಗಲ ತೊಳದ ಕೂಡ್ಲೆ ಅರಿವಿ ಮೂರನೇ ಬಕೀಟಿನಾಗ ಅದ್ದಿ ಹಿಂಡಿ, ಆಮ್ಯಾಲ ಸೋಪಿಗೆ ಹಾಕಬೇಕು. ಒಂದ ಬಕೀಟಿನಾಗ ಅದ್ದಿಕೋತ ಹೋದ್ರ ಇಳಿಸಿದ ಉಸುಕು ತಿರುಗಿ ಗಾಡಿಗೆ ಹಚ್ಚಿದಂಗ ಆಗತೈತಿ. ಬಕೀಟಿನ ತಳದಾಗ ನಾನು ಅಕ್ಕಿ ತೊಳಿಯೂ ಹಳೇ ಪ್ಲಾಸ್ಟಿಕ್ ಬುಟ್ಟಿ ಡಬ್ಬ ಹಾಕೇನಿ. ಉಸುಕು ಅದರ ಕೆಳಗ ಕುಂದರತೈತಿ, ಅರಿವಿಗೆ ಹತ್ತೂದಿಲ್ಲ. ಮ್ಯಾಲಿಂದ ಕೆಳಗ ಬರ್ರಿ, ಉದ್ದುದ್ದ ಒರಸ್ರಿ, ಗುಂಡಗ ತಿಕ್ಕಬ್ಯಾಡ್ರಿ. ಗಾಲಿ ಕಡೀಕ, ಅದಕ್ಕ ಬ್ಯಾರೆ ಅರಿವಿ. ನಾಕನೇ ಬಕೀಟಿಲೆ ಸೋಪು ಇಳಿಸೂದು.

ಸೋಪಿನ ಮಾತು ಬಂತು. ಬಟ್ಟಿ ಪುಡಿ, ಪಾತ್ರಿ ಸೋಪು ಬ್ಯಾಡ್ರಿ. ಪಾತ್ರಿ ಸೋಪಿನ ಬಿಲ್ಲ್ಯಾಗ ಕಲ್ಲಿನ ಪುಡಿ ಇರತೈತಿ, ಅದು ಜಿಡ್ಡಿನ ಕೂಡ ಹಚ್ಚಿದ ಮೇಣಾನೂ ತಗೀತೈತಿ. ಬಟ್ಟಿ ಪುಡ್ಯಾಗ ಸೋಡಾ ಇರತೈತಿ. ಕೆಲವು ಹಿರೇರು ಚಿಮಣಿ ಎಣ್ಣಿ, ಡೀಸೆಲ್ ಹಾಕಿ ಒರಸತಾರ. ಆ ಕ್ಷಣಕ್ಕ ಮಿಂಚತೈತಿ, ಸಂಜಿಗೆ ಊರಿನ ಧೂಳೆಲ್ಲಾ ಅದರ ಮ್ಯಾಲ, ಬಾಗಲದ ರಬ್ಬರೂ ಹಾಳು.

ಎಲ್ಲಾರೂ ಬಿಡೂ ಜಾಗ ಎರಡು ಅದಾವ. ಒಂದು, ಗಾಲಿ ಮ್ಯಾಲಿನ ಕಮಾನಿನ ಒಳಗ. ಅಲ್ಲಿ ರಾಡಿ ಕುಂತು ಹಸಿ ಹಿಡಕೊಂಡಿರತೈತಿ. ಇನ್ನೊಂದು, ಬಾಗಲದ ಕೆಳಗಿನ ಅಂಚಿನ್ಯಾಗ ಸಣ್ಣ ತೂತು ಇರತಾವ. ಗ್ಲಾಸಿನ ಸಂದ್ಯಾಗ ಇಳಿದ ಮಳಿ ನೀರು ಅಲ್ಲಿಂದ ಹೊರಗ ಹೋಗಬೇಕು. ಕೆಂಪು ಮಣ್ಣು ಆ ತೂತು ಮುಚ್ಚಿದ್ರ ನೀರು ಒಳಗ ನಿಂತು ತುಕ್ಕು ಒಳಗಿಂದ ಬರತೈತಿ, ಹೊರಗ ಕಾಣೂದ್ರೊಳಗ ತಗಡು ಹೋಗಿರತೈತಿ. ನಾನು ಕಸಬರಿಗಿ ಕಡ್ಡಿ ಹಾಕಿ ಮೆಲ್ಲಕ ಬಿಡಸತೇನಿ. ಅದ ಹಳಿಯಾಳದ ಗಾಡಿಗೆ ಬಾಗಲ ತಳಾ ತುಕ್ಕು ಹಿಡಿದು ತಗಡು ಹಚ್ಚಿ ಬಣ್ಣ ಹೊಡಿಯಾಕ ಹೇಳಿದ ರೊಕ್ಕ ಕೇಳಿ ನನ್ನ ಎದಿ ಧಸಕ್ಕಂತು. ನಮ್ಮ ಮನಿಯವರ ಎರಡು ತಿಂಗಳ ಗುಳಿಗಿ ಅದರಾಗ ಬರತಾವ.

ತೊಳದ ಮ್ಯಾಲ ನೀರು ಹಂಗ ಒಣಗಾಕ ಬಿಡಬ್ಯಾಡ್ರಿ. ಬೋರಿನ ನೀರಿದ್ದರಂತೂ ಚಾದ ಪಾತ್ರಿ ತಳದಾಗ ಕುಂದರೂ ಬಿಳಿ ಕಲಿ ಗಾಡಿ ಮ್ಯಾಲೂ ಕುಂದರತೈತಿ. ಮೈಕ್ರೋಫೈಬರ್ ಅರಿವಿ ಈಗ ಎಲ್ಲಾ ಕಡೆ ಸಿಗತೈತಿ. ಹಾಸಿ ಎಳದ್ರ ಸಾಕು, ತಿಕ್ಕೂದು ಬ್ಯಾಡ. ಹಳೇ ಸೀರಿ ನಡೀತೈತೇನು ಅಂತ ಕೇಳ್ತೀರಿ. ಕಾಟನ್ ಸೀರಿ ನಡೀತೈತಿ, ಖರೇ ಅಂಚು, ಜರಿ ಕತ್ತರಿಸಿ ಹಾಕ್ರಿ. ಯಾವ ಅರಿವೀನ ಆಗಲಿ, ಕೈ ಜಾರಿ ನೆಲಕ್ಕ ಬಿತ್ತಂದ್ರ ಆವತ್ತು ಅದರ ಕೆಲಸ ಮುಗೀತು. ಒಗದ ತರಬೇಕು.

ಈಗ ಮೇಣ. ಕೆಸುವಿನ ಎಲಿ ಮ್ಯಾಲ ಮಳಿ ಹನಿ ಮುತ್ತಿನಂಗ ಉರುಳೂದು ನೋಡೀರಿ. ಎಲಿ ಮ್ಯಾಲ ದೇವರು ಕೊಟ್ಟ ಸಣ್ಣ ಮೇಣದ ಪದರ ಐತಿ, ಅದರಿಂದ. ಬಾಳಿ ಎಲಿ ಬೆಂಕಿಗೆ ಹಿಡದ್ರ ಒಮ್ಮೆಲೆ ಮಿರಿ ಮಿರಿ ಮಿಂಚತೈತಲ್ಲ, ಅದೂ ಮೇಣ ಕರಗಿದ್ದು. ಗಾಡಿಗೆ ಹಚ್ಚೂ ಒಳ್ಳೆ ಮೇಣಾನೂ ಎಲಿಯಿಂದ ಬಂದದ್ದ. ಬ್ರೆಜಿಲ್ ದೇಶದಾಗ ಕಾರ್ನೂಬಾ ಅಂತ ಒಂದು ತಾಳಿ ಜಾತಿ ಗಿಡ, ಅದರ ಎಲಿ ಒಣಗಿಸಿ ಬಡದು ಮೇಣ ತಗೀತಾರ. ಪೆಪ್ಪರಮಿಂಟಿಗೆ, ಗುಳಿಗಿಗೆ ಹೊಳಪು ಕೊಡಾಕೂ ಅದನ್ನ ಬಳಸತಾರ. ಅದು ಕರಗಾಕ 80 ಡಿಗ್ರಿ ಮ್ಯಾಲ ಬಿಸಿ ಬೇಕು. ಜೇನುಮೇಣ 62–64 ಡಿಗ್ರಿಗೇ ಕರಗತೈತಿ. ಅದಕ್ಕ ಜೋಯಿಡಾದ ಜೇನುಮೇಣ ಮನ್ಯಾಗ ಐತಂತ ಬರೇ ಅದನ್ನ ಹಚ್ಚಬ್ಯಾಡ್ರಿ, ಬಿಸಲಿಗೆ ಮೆತ್ತಗಾಗಿ ಧೂಳು ಹಿಡೀತೈತಿ.

ಅಂಗಡ್ಯಾಗ ಕೇಳೂವಾಗ ಒಂದು ಲಕ್ಷ್ಯ ಇರಲಿ. ಪಾಲಿಶ್ ಬ್ಯಾರೆ, ವ್ಯಾಕ್ಸ್ ಬ್ಯಾರೆ. ಪಾಲಿಶ್ ಅಂದ್ರ ತಿಕ್ಕಿ ಮ್ಯಾಲಿನ ಪದರ ಸ್ವಲ್ಪ ಸವಸೂದು. ವ್ಯಾಕ್ಸ್ ಅಂದ್ರ ಮ್ಯಾಲ ಒಂದು ಪದರ ಕೊಡೂದು. ವರ್ಷಕ್ಕ ನಾಕು ಸಲ ಪಾಲಿಶ್ ಮಾಡಿಸಿದ್ರ ಆ ತಲಿಗೂದಲಿಗಿಂತ ತೆಳು ಪದರ ಎಷ್ಟು ದಿನ ಉಳಿದೀತು?

ಹಚ್ಚೂದು ಮುಖಕ್ಕ ಕ್ರೀಮ್ ಹಚ್ಚಿದಂಗ. ಗಾಡಿ ಪೂರಾ ಒಣಗಿರಬೇಕು, ನೆಳ್ಳಾಗಿರಬೇಕು. ರೂಪಾಯಿ ನಾಣ್ಯದಷ್ಟು ಮೇಣ ಸ್ಪಂಜಿಗೆ ತಗೊಂಡು ಒಂದು ಬಾಗಲಕ್ಕ ತೆಳ್ಳಗ ಸವರಿ. ದಪ್ಪ ಹಚ್ಚಿದ್ರ ಹೆಚ್ಚು ದಿನ ಬರತೈತಿ ಅನ್ನೂದು ಸುಳ್ಳು, ಒರಸಾಕ ತ್ರಾಸ ಅಷ್ಟ. ಸ್ವಲ್ಪ ಹೊತ್ತಿಗೆ ಮಬ್ಬು ಆಗತೈತಿ. ಬಟ್ಟು ಎಳದು ನೋಡ್ರಿ, ಜಿಡ್ಡು ಹತ್ತದ ಸ್ವಚ್ಛ ಗೀಟು ಬಂತಂದ್ರ ಒರಸೂ ಹದ. ಒಣಾ ಮೈಕ್ರೋಫೈಬರಿಲೆ ಒರಸಿ ಮುಂದಿನ ಭಾಗಕ್ಕ ಹೋಗ್ರಿ. ಕರೀ ಪ್ಲಾಸ್ಟಿಕ್ ಮ್ಯಾಲ ಮಾತ್ರ ಹಚ್ಚಬ್ಯಾಡ್ರಿ, ಬೆಳ್ಳಗ ಕಲಿ ಉಳಿತಾವ. ಎರಡು–ಮೂರು ತಿಂಗಳು ಬಾಳಿಕಿ ಬರತೈತಿ. ಗಾಡಿ ಮ್ಯಾಲ ನೀರು ಹನಿಹನಿಯಾಗಿ ನಿಲ್ಲದ ಹಾಳಿಯಂಗ ಹರಡತೈತಿ ಅಂದ್ರ ಮೇಣ ಹೋತು ಅಂತ ತಿಳೀರಿ. ನಾನು ಮಳಿಗಿಂತ ಮೊದಲೊಮ್ಮೆ, ಮಳಿ ಬಿಟ್ಟ ಮ್ಯಾಲ ಖಂಡೇ ಪೂಜಿ ಹೊತ್ತಿಗೊಮ್ಮೆ, ಶಿವರಾತ್ರಿ ಸುಮಾರಿಗೊಮ್ಮೆ ಹಚ್ಚತೇನಿ. ನಡು ಮಳ್ಯಾಗ ಬಿಸಲು ಬಿದ್ದ ದಿನ ಸಿಕ್ರ ಇನ್ನೊಮ್ಮೆ.

ಖಂಡೇ ಪೂಜಿ ಅಂದ ಕೂಡ್ಲೆ ನೆನಪಾತು. ಗಾಡಿಗೆ ಅರಿಷಿಣ ಕುಂಕುಮ ಬ್ಯಾಡ ಅನ್ನೂದಿಲ್ಲ, ವರ್ಷೊಪ್ಪತ್ತು ನಮ್ಮನ್ನ ಹೊತ್ತು ತಿರಗತೈತಿ ಅದು. ಆದ್ರ ನಾನು ಗ್ಲಾಸಿಗೆ ಹಚ್ಚತೇನಿ, ಬಣ್ಣಕ್ಕ ಹಚ್ಚೂದಿಲ್ಲ. ಅರಿಷಿಣ, ಗಂಧ ಒಣಗಿ ಬಿಳಿ ಗಾಡಿ ಮ್ಯಾಲ ಕುಂತ್ರ ತಗಿಯಾಕ ತಿಕ್ಕಬೇಕಾಗತೈತಿ, ತಿಕ್ಕಿದ್ರ ಗೀರು. ದೇವರಿಗೆ ಗ್ಲಾಸೂ ಒಂದ, ತಗಡೂ ಒಂದ.

ಪೂರಾ ಕೆಲಸಕ್ಕ ನನಗ ಎರಡೂವರಿ ತಾಸು. ಒಂದ ದಿನ ಆಗೂದಿಲ್ಲಂದ್ರ ಇವತ್ತು ತೊಳದು ಟಾಪು, ಬಾನೆಟ್ ಮುಗಸ್ರಿ, ಮುಂದಿನ ಸಲ ತೊಳದಾಗ ಬಾಗಲ. ನಮ್ಮ ಮನಿಯವರು ಕಟ್ಟಿ ಮ್ಯಾಲ ಕುಂತು "ಅಲ್ಲೆ ಉಳೀತು ನೋಡು, ಇಲ್ಲೆ ಉಳೀತು ನೋಡು" ಅಂತಾರ. ಮೊದಲು ಬಕೀಟು ಕಸಗೋಳಾಕ ಬರತಿದ್ರು, ಸಿಟ್ಟಾಗತಿದ್ರು. ಈಗ ಅರಿವಿ ಹಿಂಡಿ ಒಣಹಾಕೂದು ಅವರ ಪಾಲಿಗೆ ಕೊಟ್ಟೇನಿ. ಮೈಕ್ರೋಫೈಬರ್ ಅರಿವಿ ಬ್ಯಾರೆ ಕಾಟನ್ ಬಟ್ಟಿ ಕೂಡ ಒಗಿಬಾರದು, ಅದರ ಹಿಂಜು ಹತ್ತತೈತಿ, ಕಂಫರ್ಟ್ ಹಾಕಬಾರದು ಅನ್ನೂದು ನನಗಿಂತ ಅವರಿಗೆ ಚಲೋ ನೆನಪಿರತೈತಿ.

ಈ ವಾರ ಹಪ್ಪಳ ಒಣಗಿಸೂ ಬಿಸಲು ಇದ್ದಾಗಲೇ ಒಂದು ಮುಂಜಾನೆ ಗಾಡಿಗೂ ಇಡ್ರಿ. ವೈನಿ, ನಿಮಗ ಒಬ್ಬರಿಗೆ ಆಗೂದಿಲ್ಲಂದ್ರ ಬರೂ ರವಿವಾರ ಫೋನ್ ಮಾಡ್ರಿ. ಮೇಣದ ಡಬ್ಬಿ ಅರ್ಧ ಉಳದೈತಿ, ತಗೊಂಡು ಬರತೇನಿ.